ಡಿಕ್ಕಿಯೊಳಗಿನ ಡಗ್ಗಾ

ನಾನು ಕಾರಿನ ಡಿಕ್ಕಿಯಲ್ಲಿ ಕುಳಿತು, ಹಾಡಿನ ತಗ್ಗು ದನಿಯನ್ನು ಗುಡುಗುವ ವೂಫರ್ ಪೆಟ್ಟಿಗೆ. ಗದಗದಲ್ಲಿ ಕಪಾಟು ಮಾಡುವ ದಸ್ತಗೀರ್ ಸಾಬರ ಕೈಯಲ್ಲಿ ನನ್ನ ಜನನವಾಯಿತು. ಅವರು ಹಲಗೆಗಳನ್ನು ಕೂಡಿಸಿ, ಸಂದುಗಳಿಗೆ ಅಂಟು ಮೆತ್ತಿ, ಅಗಲವಾದ ಕಪ್ಪು ಸ್ಪೀಕರನ್ನು ನನ್ನ ಎದೆಗೆ ಬಿಗಿದರು. ಪಕ್ಕದಲ್ಲಿ ಒಂದು ದುಂಡು ತೂತು ಕೊರೆದರು. ನಾನು ಉಸಿರಾಡುವುದು ಅದರಿಂದಲೇ. ನೋಡುವವರಿಗೆ ಮಾತ್ರ ಅದು ಬಡಗಿ ಮುಚ್ಚಲು ಮರೆತ ತೂತು.

ಮೊದಲ ಯಜಮಾನ ಚಂದ್ರಕಾಂತ. ಮದುವೆ ಮೆರವಣಿಗೆಗಳಿಗೆ ಕಾರು ಓಡಿಸುತ್ತಿದ್ದನು. ನಾನು ಗುಡುಗಿದರೆ ಮದುಮಗನ ಪೇಟ ನಡುಗುತ್ತಿತ್ತು. ಅದರಿಂದ ನನಗೆ ತುಸು ಗರ್ವ ಬಂದಿತ್ತು. ಗರ್ವ ಇಳಿಸಲು ದೇವರು ಬಹಳ ದಿನ ಕಾಯುವುದಿಲ್ಲ. ಚಂದ್ರಕಾಂತ ದೊಡ್ಡ ಕಾರು ಕೊಂಡನು. ಹಳೆಯ ಕಾರಿನ ಜೊತೆಗೆ ನನ್ನನ್ನೂ ಶಿವಪುತ್ರಪ್ಪನವರಿಗೆ ಮಾರಿದನು.

ಶಿವಪುತ್ರಪ್ಪನವರು ಭಜನಾ ಸಂಘದ ಹಿರಿಯರು, ಹಾರ್ಮೋನಿಯಂ ಪೇಟಿ ನುಡಿಸುತ್ತ ಹಾಡುವವರು. ಅವರ ತಮ್ಮ ಗಂಗಾಧರ ತಬಲಾ ಬಾರಿಸುತ್ತಿದ್ದನು. ಒಂದು ಶ್ರಾವಣ ಸೋಮವಾರ ಹಾಡಿನ ನಡುವೆ ತಾಳ ತಪ್ಪಿತು.

"ನಿದ್ದಿ ಹತ್ತಿತೇನಲೇ?" ಎಂದು ಅಣ್ಣ ಎಲ್ಲರ ಮುಂದೆ ಗದರಿದರು.

"ನಾ ಬಿಟ್ಟಿಲ್ಲಣ್ಣಾ. ಎಡಗೈ ಕೇಳು," ಎಂದನು ತಮ್ಮ.

ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಎರಡೇ ತಿಂಗಳಲ್ಲಿ ಗಂಗಾಧರ ತೀರಿಕೊಂಡನು.

ಆ ಭಜನೆ ಮೊಬೈಲಿನಲ್ಲಿ ಉಳಿದಿತ್ತು. ಆದರೆ ಮೊಬೈಲಿನ ಪುಟ್ಟ ಬಾಯಿಯಲ್ಲಿ ಬಲಗೈಯ ಟಣಟಣ ಬರುತ್ತಿತ್ತೇ ಹೊರತು, ಎಡಗೈ ಬಾರಿಸುವ ಡಗ್ಗಾದ ಗುಂಕಾರ ಬರುತ್ತಿರಲಿಲ್ಲ. ತಪ್ಪಿದವರು ಯಾರು? ಅದನ್ನು ತಿಳಿಯಲೆಂದೇ ಆ ಹಿರಿಯರು ನನ್ನನ್ನು ಮನೆಗೆ ತಂದರು.

ಬಂದ ದಿನವೇ ಅವರ ಹೆಂಡತಿ ನೀಲವ್ವ ಕಾರಿಗೆ ಪೂಜೆ ಮಾಡಿದರು. ನನಗೂ ಕುಂಕುಮ ಹಚ್ಚಿದರು. ಆಮೇಲೆ ತೂತು ಕಂಡಿತು. ದೃಷ್ಟಿ ಒಳಗೆ ಹೋದೀತೆಂದು, ಕೆಂಪು ಕುಪ್ಪಸದ ಬಟ್ಟೆಯಲ್ಲಿ ನಿಂಬೆಹಣ್ಣು, ಸಾಸಿವೆ ಗಂಟು ಕಟ್ಟಿ ಅದಕ್ಕೆ ತುರುಕಿಬಿಟ್ಟರು!

ಪಾಪ, ಶಿವಪುತ್ರಪ್ಪನವರು ಮೊಬೈಲನ್ನು ಕಾರಿಗೆ ಜೋಡಿಸಿ ಭಜನೆ ಹಚ್ಚಿದರು. ನಾನು ನೆಗಡಿಯಾದವನಂತೆ ಗೊಣಗಿದೆ. ಗುಂಡಿಯನ್ನು ಕೊನೆಯ ತನಕ ತಿರುವಿದರು. ಡಿಕ್ಕಿಯ ಬಾಗಿಲು ಗಡಗಡ ಅಂದಿತು, ಸುಟ್ಟ ವಾಸನೆ ಬಂದಿತು, ಡಗ್ಗಾ ಮಾತ್ರ ಬರಲಿಲ್ಲ. ಕೊನೆಗೆ ರಿಪೇರಿಯ ಇಮಾಮನನ್ನು ಕರೆಸಿದರು. ಅವನು ತಂತಿಗಳನ್ನು ಎಳೆದು ನೋಡಿದನು. ಕೆಂಪು ಕಪ್ಪು ಅದಲುಬದಲು ಮಾಡಿದನು. ಎಲ್ಲಾದರೂ ಗಾಳಿ ಸೋರುತ್ತದೆಯೇ ಎಂದು ಸಂದುಗಳ ಮೇಲೆ ಒದ್ದೆ ಕೈ ಆಡಿಸಿದನು. ಆಮೇಲೆ ತೂತಿನ ಮುಂದೆ ಅಂಗೈ ಹಿಡಿದನು.

"ಅಜ್ಜಾರ, ಇಲ್ಲಿ ಗಾಳಿನ ಬರವಲ್ದು. ಮೂಗು ಹಿಡದು ಹಾಡ್ರಿ ಅಂದ್ರ ನೀವರೆ ಹಾಡ್ತೀರೇನು?"

ಕೊಕ್ಕೆ ಹಾಕಿ ಗಂಟನ್ನು ಎಳೆದನು. ಒಣಗಿದ ನಿಂಬೆ ಉರುಳಿತು.

"ಅಯ್ಯ, ಅದನ್ನ್ಯಾಕ ತಗದ್ಯೋ! ದೃಷ್ಟಿಗೆ ಕಟ್ಟಿದ್ದೆ," ಎಂದರು ನೀಲವ್ವ.

"ದೃಷ್ಟಿ ಹೋತ್ರಿ ಅಮ್ಮಾರ. ಜೋಡಿ ಉಸರೂ ಹೋಗಿತ್ತು."

"ಹಂಗಿದ್ರ ತೂತು ಹಿಂದಕ ಕೊರೀಬೇಕಿತ್ತು. ಬಡಗಿಗೆ ಬುದ್ಧಿ ಬ್ಯಾಡ?"

ಮತ್ತೆ ಭಜನೆ ಹಚ್ಚಿದರು. ತಾಳ ತಪ್ಪಿದ ಆ ಜಾಗ ಬಂದಿತು. ಬಲಗೈ ಕ್ಷಣ ನಿಂತಿತು. ನನ್ನ ಎದೆಯಲ್ಲಿ ಎಡಗೈ ಮಾತ್ರ ಗುಂ, ಗುಂ ಎಂದು ಒಂದಿಷ್ಟೂ ಅಲುಗದೆ ನಡೆಯಿತು. ತಾಳ ಬಿಟ್ಟು ಮುಂದೆ ಓಡಿದ್ದು ಅಣ್ಣನ ಪೇಟಿ.

ಶಿವಪುತ್ರಪ್ಪನವರು ಮೂರು ಸಲ ಕೇಳಿದರು. ತಲೆಯ ಮೇಲಿನ ಟೊಪ್ಪಿಗೆ ತೆಗೆದರು.

"ಗಂಗ್ಯಾ, ಓಡಿದಾಂವ ನಾನಪಾ."

"ಅಂವ ಆವತ್ತ ಹೇಳಿದ್ದ," ಎಂದರು ನೀಲವ್ವ. ಅವರಿಗೆ ಯಾವುದನ್ನೂ ಬಿಟ್ಟುಕೊಡುವ ಅಭ್ಯಾಸವಿಲ್ಲ.

"ಯಾರ ಮುಂದ ಬೈದೆನೋ ಅವರ ಮುಂದನ ಹೇಳಬೇಕು," ಎಂದು ಹಿರಿಯರು ಮುಂದಿನ ಸೋಮವಾರ ಕಾರನ್ನು ಭಜನೆಯ ಮನೆಯ ಬಾಗಿಲಿಗೆ ತಂದು ನಿಲ್ಲಿಸಿದರು. ಎಲ್ಲರಿಗೂ ಕೇಳಿಸಿದರು. ತಪ್ಪು ತಮ್ಮದೆಂದು ಕೈಮುಗಿದರು.

ಆ ಕಾರು ಗುಜರಿಗೆ ಹೋಗಿ ವರ್ಷಗಳಾದವು. ನಾನು ಈಗ ಭಜನೆಯ ಮನೆಯ ಮೂಲೆಯಲ್ಲಿದ್ದೇನೆ. ನನ್ನ ಎದೆ ಬಿರಿದಿದೆ. ಮೈಮೇಲೆ ಚಾಪೆ ಒಟ್ಟುತ್ತಾರೆ. ಹೊಸ ತಬಲಾದವನು ತಪ್ಪಿದಂತೆ ಕಂಡಾಗ ಶಿವಪುತ್ರಪ್ಪನವರು ಬಾಯಿ ತೆರೆಯುತ್ತಾರೆ, ನನ್ನ ಕಡೆ ಒಮ್ಮೆ ನೋಡುತ್ತಾರೆ, ಆಮೇಲೆ ಬೈಯುತ್ತಾರೆ. ಆದರೆ ಮೆಲ್ಲಗೆ ಬೈಯುತ್ತಾರೆ. ಒಂದು ಪೆಟ್ಟಿಗೆಯ ಜನ್ಮಕ್ಕೆ ಶಿವನು ಇದಕ್ಕಿಂತ ಹೆಚ್ಚೇನು ಕೊಡಬೇಕು?