ಆರಿಸಿ ತಂದ ಯುಕುಲೇಲೆ

ಎಂಬತ್ತಾರರ ಬೇಸಿಗೆಯಲ್ಲಿ, ಗೋವಾದ ಮಂದಿ ಮಾರಿಹೋದ ಮೂರು ಯುಕುಲೇಲೆ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿವೆ ಎಂದು ಕುಬೇರಪ್ಪ ಹೇಳಿದ. ಅದು ನಾಲ್ಕು ತಂತಿಯ ಸಣ್ಣ ಗಿಟಾರು ಎಂಬಷ್ಟೇ ನನಗೆ ಗೊತ್ತಿತ್ತು. ಗುಡಗೇರಿಯ ನಮ್ಮ ಆರ್ಕೆಸ್ಟ್ರಾ ಅವನದು. ಮೈಕು, ಆಂಪ್ಲಿಫಾಯರು, ನಾನು ಒಂಬತ್ತು ವರ್ಷ ಬಾರಿಸಿದ ಗಿಟಾರು, ಎಲ್ಲ ಅವನವೇ. ಅವನ ಅಪ್ಪನ ಕಾಳಿನ ಗೋದಾಮಿನಲ್ಲಿ, ಸಂತೆಯಿಲ್ಲದ ದಿನ ನಮ್ಮ ತಾಲೀಮು. ಚೀಲಗಳು ಮಾರ್ದನಿಯನ್ನು ನುಂಗುತ್ತಿದ್ದುದರಿಂದ ಅಲ್ಲಿ ಬಾರಿಸಿದ ತಪ್ಪು ಮುಚ್ಚಿಡಲು ಆಗುತ್ತಿರಲಿಲ್ಲ.

ಹೊಸ ಎರಡು ಹಾಡಿಗೆ ಯುಕುಲೇಲೆ ಬೇಕು, ಆಟಿಕೆ ಸಾಮಾನು ಬೇಡ, ಒಳ್ಳೆಯದನ್ನೇ ತರಬೇಕು ಎಂದ.

"ನಿನ್ನ ಕಿವಿ ನನಗಿಲ್ಲಲೇ ಶಿದ್ಲಿಂಗ. ನೀನಽ ಆರಿಸು, ನೀನಽ ಬಾರಿಸು."

ಅವನು ನನ್ನ ಕಿವಿಯನ್ನು ಹೊಗಳಿದ್ದು ಅದೇ ಮೊದಲು. ಹಿಗ್ಗಿದೆ. ಮರುದಿನ ಬೆಳಗಿನ ರೈಲು ಹಿಡಿದೆ.

ಅಂಗಡಿಯಲ್ಲಿ ರಿಪೇರಿ ಮಾಡುವ ಅಬ್ದುಲಮಜೀದರು ಮೂರನ್ನೂ ಬಟ್ಟೆಯ ಮೇಲಿಟ್ಟರು. ಹೊಳೆಯುತ್ತಿದ್ದುದರ ಕತ್ತು ಬಾಗಿತ್ತು. ಅತಿ ಸಣ್ಣದರಲ್ಲಿ ನನ್ನ ಬೆರಳು ಒಂದರ ಮೇಲೊಂದು ಏರುತ್ತಿದ್ದವು. ಉಳಿದದ್ದು ಬಣ್ಣವಿಲ್ಲದ್ದು, ತುಸು ದೊಡ್ಡದು. ಬರಿ ತಂತಿ ಮೀಟಿದೆ, ಕತ್ತಿನ ಹನ್ನೆರಡನೆಯ ಮನೆಯಲ್ಲಿ ಒತ್ತಿ ಮೀಟಿದೆ. ಎರಡೂ ಸ್ವರ ಕೂಡಿದವು. ಆದರೆ ನಾಲ್ಕನೆಯ ತಂತಿ ತೆಳ್ಳಗಿತ್ತು. ಗಿಟಾರಿನಲ್ಲಿ ಕೆಳಗಿನ ಸ್ವರ ಬರಬೇಕಾದ ಜಾಗದಲ್ಲಿ ಮೇಲಿನ ಸ್ವರ. ಯಾರೋ ತಪ್ಪು ತಂತಿ ಹಾಕಿದ್ದಾರೆಂದು ಹೇಳಿ ಗಿಟಾರಿನ ದಪ್ಪ ನೈಲಾನ್ ತಂತಿ ಹಾಕಿಸಿದೆ. ಸಣ್ಣ ಡಬ್ಬಿಯಲ್ಲಿ ತುರುಕಿದ ಗಿಟಾರಿನಂತೆ ಕೇಳಿಸಿತು.

"ಗಿಟಾರನಽ ಬೇಕಿದ್ರ ಗಿಟಾರ ಬಾರಸ್ರಿ. ಇದನ್ಯಾಕ ಕೆಡಸ್ತೀರಿ?" ಎಂದು ಮಜೀದರು ತೆಳ್ಳನೆಯದನ್ನೇ ಮತ್ತೆ ಬಿಗಿದರು. ಮೀಟಿದಾಗ ವಾದ್ಯದ ದನಿ ಬಿಚ್ಚಿತು. ತಪ್ಪು ನನ್ನದಾಗಿತ್ತು. ಇದೇ ಇರಲಿ ಎಂದೆ.

ಕಟ್ಟಿಕೊಡುತ್ತ, ಗಿಟಾರಿನ ಬೆಲ್ಟು ಸರಿಯಾಯಿತೇ ಎಂದು ಕೇಳಿದರು. ಯಾವ ಬೆಲ್ಟು ಎಂದೆ.

"ಹೋದ ವಾರ ಕುಬೇರಪ್ಪನವ್ರು ಹೆಂಡ್ತಿಯ ತಮ್ಮನ್ನ ಕರಕೊಂಡು ಬಂದಿದ್ರಲ್ರಿ. ಆ ತಮ್ಮನ ಹೆಗಲಿಗೆ ಅಳತಿ ನೋಡಿ ಒಯ್ದ್ರು."

ಆ ತಮ್ಮ ಮಡಿವಾಳೆಪ್ಪ. ಎರಡು ತಿಂಗಳಿಂದ ಅಕ್ಕನ ಮನೆಯಲ್ಲಿದ್ದ. ತಾಲೀಮಿನಲ್ಲಿ ನನ್ನ ಬಾಜು ಕೂಡುತ್ತಿದ್ದ. ಬೆರಳು ಎಲ್ಲಿಡಬೇಕೆಂದು ನಾನೇ ಕಲಿಸಿದ್ದೆ. ಬೆಲ್ಟು ನನಗಾಗಿಯೇ ಇರಬೇಕು, ಅಳತೆಗಷ್ಟೇ ಅವನ ಹೆಗಲು ನೋಡಿರಬೇಕು ಎಂದು ಗುಡಗೇರಿ ಬರುವವರೆಗೂ ಅಂದುಕೊಳ್ಳುತ್ತ ಬಂದೆ.

ಗೋದಾಮಿನಲ್ಲಿ ಮಡಿವಾಳೆಪ್ಪ ನಾನು ಬಾರಿಸುತ್ತಿದ್ದ ಗಿಟಾರನ್ನು ಹೊಸ ಬೆಲ್ಟಿನಿಂದ ಹೆಗಲಿಗೆ ಹಾಕಿಕೊಂಡು ನಿಂತಿದ್ದ. ನನ್ನನ್ನು ಕಂಡು ತೆಗೆಯಹೋದ. ಬೇಡವೆಂದು ಕುಬೇರಪ್ಪ ಕೈಸನ್ನೆ ಮಾಡಿದ.

"ನನಗ್ಯಾಕ ಹೇಳ್ಲಿಲ್ಲ?" ಎಂದೆ.

"ಹೇಳಿದ್ರ ನೀ ಹುಬ್ಬಳ್ಳಿಗೆ ಹೋಗ್ತಿದ್ದಿಲ್ಲ." ಅವನಿಗೆ ನಾಚಿಕೆಯೇನೂ ಇರಲಿಲ್ಲ. "ತಮ್ಮಗ ಗಿಟಾರ ಕೊಡ್ರಿ ಅಂತ ಮನ್ಯಾಗ ಅಕಿ ಬಿಡವಲ್ಲಳು. ನಿನ್ನೇನು ತಗದು ಹಾಕೇನೇನು? ಎರಡು ಹಾಡು ಅದಾವಲ್ಲ."

ಯುಕುಲೇಲೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದ. ಚಲೋ ಆರಿಸಿದ್ದೀ ಎಂದ. ಆಮೇಲೆ, ಸಾಮಾನ್ಯ ಮಾತಿನಂತೆ, "ಇವಗ ಬೆರಳು ಅಡ್ಡ ಇಟ್ಟು ಒತ್ತೋ ಎಫ್ ಕಾರ್ಡು ಹತ್ತವಲ್ಲದು. ಶನಿವಾರದೊಳಗ ಒಂದೀಟ ತೋರಸಲೇ."

ಮಡಿವಾಳೆಪ್ಪ ತಂತಿಗಳ ಮೇಲೆ ಬೆರಳು ಚಾಚಿ ಕಾಯುತ್ತಿದ್ದ. ತೋರುಬೆರಳು ಓರೆಯಾಗಿತ್ತು. ಸರಿಮಾಡಲು ಒಂದು ನಿಮಿಷ ಸಾಕಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ.

ಶನಿವಾರ ಕುಂದಗೋಳದ ಮದುವೆಗೆ ಅವರು ನಾನಿಲ್ಲದೆ ಹೋದರು. ಯುಕುಲೇಲೆಯ ಆ ಎರಡು ಹಾಡು ಹಾಡದೆ ಬಿಟ್ಟರಂತೆ. ಯಾಕೆಂದು ಯಾರೂ ಕೇಳಲಿಲ್ಲವಂತೆ.