ಅಮ್ಮ ಡಾಟ್ ಜೆಪಿಜಿ

"ನನಗೆ ಹಾರ ಹಾಕಿದ್ದು ಯಾರು ಮಾರಾಯ್ತಿ?"

ಫೋನಿನಲ್ಲಿ ಪ್ರಫುಲ್ಲಕ್ಕನ ದನಿ ಎಷ್ಟು ಜೋರಾಗಿತ್ತೆಂದರೆ, ಮಲಾಡಿನ ಆ ಆಫೀಸಿನಲ್ಲಿ ಧಾತ್ರಿಯ ಪಕ್ಕ ಕೂತವನೂ ತಿರುಗಿ ನೋಡಿದ. "ಬೆಳಿಗ್ಗೆಯಿಂದ ಫೋನಿನ ಮೇಲೆ ಫೋನು. ಮಗ ಮನೀಶನಿಗೆ ಸಮಾಧಾನ ಹೇಳ್ಲಿಕ್ಕೆ ಅಂತ ಮಾಡ್ತಾರೆ, ನಾನು ಎತ್ತಿ ಹಲೋ ಅಂದ್ರೆ ಹೆದರಿ ಇಡ್ತಾರೆ. ಬದುಕಿದ್ದೇನೆ ಅಂತ ಎಷ್ಟು ಜನಕ್ಕೆ ಹೇಳುದು ನಾನು?"

ಧಾತ್ರಿ ವಡಾಲದ ಕನ್ನಡ ಸಂಘದ ವೆಬ್‌ಸೈಟ್ ತೆರೆದಳು. ಅದನ್ನು ಮಾಡಿಕೊಟ್ಟವಳು ಅವಳೇ. ಶ್ರದ್ಧಾಂಜಲಿ ಪುಟದಲ್ಲಿ ಚೆಂಡುಹೂವಿನ ಹಾರದ ಚೌಕಟ್ಟು. ಅದರೊಳಗೆ ಜರಿ ಸೀರೆಯುಟ್ಟು ಬಾಯಿತುಂಬ ನಗುತ್ತಿರುವ ಪ್ರಫುಲ್ಲಕ್ಕ. ಕೆಳಗೆ ಬೇರೆಯೇ ಹೆಸರು, 'ದಿವಂಗತ ಸರಸ್ವತಮ್ಮ'. ಸಂಘದ ಹಳೇ ಸದಸ್ಯ ಸತ್ಯಮೂರ್ತಿಯವರ ತಾಯಿ, ತೀರಿಕೊಂಡು ವಾರವೂ ಆಗಿರಲಿಲ್ಲ. ಆದರೆ ಹೆಸರು ಯಾರು ಓದುತ್ತಾರೆ? ಮುಖ ನೋಡಿದರು, ಹಾರ ನೋಡಿದರು, ಫೋನ್ ಮಾಡಿದರು.

"ಆಂಟಿ, ಅದು ನಾನು ಅಲ್ಲ. ಅವರು ಫಾರಂನಲ್ಲಿ ಯಾವ ಫೋಟೋ ಹಾಕ್ತಾರೆ ನಾ, ವಹೀ ಬರತ್ತೆ. ಸತ್ಯಮೂರ್ತಿ ಅಂಕಲ್ ಗಲತ್ ಫೋಟೋ ಕಳ್ಸಿದ್ದಾರೆ."

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಬಿಡಲಿಲ್ಲ. ಸಂಘದ ವಾಟ್ಸಾಪ್ ಗ್ರೂಪಿನಲ್ಲಿ, ಊರಿಗೆಲ್ಲ ಕಾಣುವ ಹಾಗೆ ಬರೆದಳು: 'ಫೋಟೋ ಕಳಿಸಿದವರಿಂದ ತಪ್ಪಾಗಿದೆ, ವೆಬ್‌ಸೈಟಿನಿಂದ ಅಲ್ಲ. ದಯವಿಟ್ಟು ಇನ್ನು ಮೇಲೆ ಸರಿಯಾಗಿ ನೋಡಿ ಕಳಿಸಿ.' ಕೊನೆಗೆ ಎರಡು ಕೈ ಮುಗಿದ ಚಿತ್ರ ಬೇರೆ. ಒಬ್ಬರು, 'ಪಾಪ ಧಾತ್ರಿ, ಪುಕ್ಕಟೆ ದುಡಿಯುವ ಹುಡುಗಿ, ಅವಳಿಗೆ ತೊಂದರೆ ಕೊಡಬೇಡಿ' ಎಂದರು. ಅದಕ್ಕೆ ಸಾಲುಸಾಲು ಹೆಬ್ಬೆರಳು ಬಿದ್ದವು.

ಸ್ವಲ್ಪ ಹೊತ್ತಿಗೆ ಸತ್ಯಮೂರ್ತಿಯವರ ಸಂದೇಶ ಬಂತು. 'ತಪ್ಪು ನನ್ನದೇ ಇರಬೇಕು. ಗ್ರೂಪಿನಲ್ಲಿ ಬಂದ ಫೋಟೋಗಳೆಲ್ಲ ನನ್ನ ಫೋನಿನಲ್ಲಿವೆ. ಆ ದಿನ ತಲೆ ಸರಿಯಿರಲಿಲ್ಲ. ಎಲ್ಲರೂ ಕ್ಷಮಿಸಿ.' ಜೊತೆಗೆ ಧಾತ್ರಿಗೊಬ್ಬಳಿಗೇ ಅವರಮ್ಮನ ಫೋಟೋ ಕಳಿಸಿದ್ದರು. ಕನ್ನಡಕದ ಮುದುಕಿ, ಕೊರಳಲ್ಲಿ ಮಫ್ಲರು.

ಅದನ್ನು ಹಾಕಲು ಹೋದವಳು ಫಾರಂನಿಂದ ಬಂದ ಹಳೇ ಮೇಲ್‌ಗಳನ್ನು ಸುಮ್ಮನೆ ನೋಡಿದಳು. ಸತ್ಯಮೂರ್ತಿಯವರ ಮೇಲ್, ಜೊತೆಗೆ ಬಂದ ಫೈಲು: ಅಮ್ಮ ಡಾಟ್ ಜೆಪಿಜಿ. ಅದಾದ ಎರಡು ದಿನಕ್ಕೆ ಪ್ರಫುಲ್ಲಕ್ಕನ ಮಗ ಮನೀಶನ ಮೇಲ್, 'ಹಿರಿಯರ ಸನ್ಮಾನಕ್ಕೆ ನನ್ನ ತಾಯಿಯ ಫೋಟೋ', ಫೈಲು: ಅಮ್ಮ ಡಾಟ್ ಜೆಪಿಜಿ. ಮೇಲ್ ಎರಡು. ಸರ್ವರಿನಲ್ಲಿ ಫೋಟೋ ಒಂದೇ.

ಧಾತ್ರಿಯ ಕಿವಿ ಬಿಸಿಯಾಯಿತು. ಬಂದ ಫೈಲನ್ನು ಕಳಿಸಿದವರು ಇಟ್ಟ ಹೆಸರಿನಲ್ಲೇ ಉಳಿಸುವಂತೆ ಅವಳು ಪ್ರೋಗ್ರಾಂ ಬರೆದಿದ್ದಳು. ಅದೇ ಹೆಸರಿನ ಇನ್ನೊಂದು ಬಂದರೆ ಹಳೆಯದನ್ನು ಅಳಿಸಿ ಅದರ ಜಾಗದಲ್ಲಿ ಕೂರುತ್ತದೆ. ಪ್ರತಿ ಫೈಲಿಗೂ ಬೇರೆ ಹೆಸರು ಕೊಡಬೇಕೆಂದು ಅವಳಿಗೆ ಗೊತ್ತಿರಲಿಲ್ಲವೆ? ಚೆನ್ನಾಗಿಯೇ ಗೊತ್ತಿತ್ತು. ಇದೇ ತಪ್ಪಿಗೆ ಆಫೀಸಿನಲ್ಲಿ ಹೊಸಬರನ್ನು ಬೈದು ಕಣ್ಣೀರು ಹಾಕಿಸಿದ್ದಳು. ಸಂಘಕ್ಕೆ ಮಾತ್ರ, ಬಿಟ್ಟಿ ಕೆಲಸ, ಇಷ್ಟು ಸಾಕು ಅಂದುಕೊಂಡಿದ್ದಳು. ಸಂಘದ ಇನ್ನೊಬ್ಬ ಸದಸ್ಯ, ಬಿಜಾಪುರದ ಕಡೆಯ ಚಂದ್ರಾಮನ ತಾಯಿ ಶರಣವ್ವನ ಫೋಟೋ ಮಾತ್ರ ಪಕ್ಕದಲ್ಲೇ ಸುರಕ್ಷಿತವಾಗಿತ್ತು. ಅವನು 'ಅವ್ವ' ಅಂತ ಕಳಿಸಿದ್ದ.

ಭಾನುವಾರ ಶ್ರದ್ಧಾಂಜಲಿ ಪುಟ ಹಾಕುವಾಗ ಅವಳು ಹಾರದೊಳಗಿನ ಮುಖವನ್ನು ಸರಿಯಾಗಿ ನೋಡಿಯೂ ಇರಲಿಲ್ಲ.

ಫೋಟೋ ಬದಲಿಸಿದಳು. ಫಾರಂ ಸರಿಮಾಡಿದಳು. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಬಚಾವಾದೆ ಎಂದು ಚಹಾಕ್ಕೆ ಏಳುವಾಗ ಫೋನು ಮತ್ತೆ ಮಿಣುಕಿತು. ಸತ್ಯಮೂರ್ತಿ ಬರೆದಿದ್ದರು: 'ಸಂಜೆ ಪ್ರಫುಲ್ಲಮ್ಮನವರ ಬಿಲ್ಡಿಂಗಿಗೆ ಹೋಗಿ ಕ್ಷಮೆ ಕೇಳಿ ಬರುತ್ತೇನೆ.'

ಥೂ, ಎಂದುಕೊಂಡಳು ಧಾತ್ರಿ. ಯಾರಿಗೆ ಅಂದಳೋ.

ಸಂಜೆ ಆಫೀಸು ಬಿಟ್ಟವಳು ಬಾಂದ್ರಾದಲ್ಲಿ ಇಳಿದು ಹಾರ್ಬರ್ ಲೈನಿನ ರೈಲು ಹಿಡಿದಳು. ಲೋಕಲ್‌ನಲ್ಲಿ ನಿಂತೇ ಗ್ರೂಪಿಗೆ ಬರೆಯಲು ನೋಡಿದಳು. 'ಸಣ್ಣ ಟೆಕ್ನಿಕಲ್ ಇಶ್ಯೂ ಆಗಿತ್ತು' ಎಂದು ಬರೆದಳು, ಅಳಿಸಿದಳು. 'ಸಿಸ್ಟಮ್‌ನಲ್ಲಿ' ಎಂದು ಶುರುಮಾಡಿದಳು, ಅದನ್ನೂ ಅಳಿಸಿದಳು. 'ನಾನು' ಎಂದು ಶುರುವಾಗುವ ವಾಕ್ಯ ಮಾತ್ರ ಬೆರಳಿಗೆ ಬರಲಿಲ್ಲ. ವಡಾಲ ಬಂತು.

ಪ್ರಫುಲ್ಲಕ್ಕನದು ಲಿಫ್ಟಿಲ್ಲದ ಹಳೇ ಬಿಲ್ಡಿಂಗಿನ ಮೇಲಿನ ಮಾಳಿಗೆ. ಏದುಸಿರು ಬಿಡುತ್ತ ಹತ್ತಿದಾಗ ಸತ್ಯಮೂರ್ತಿ ಆಗಲೇ ಬಂದಿದ್ದರು. ಬೋಳಿಸಿದ ತಲೆ, ಬಿಳೀ ಪಂಚೆ, ಹೊದ್ದ ಶಲ್ಯ. ಬಾಗಿಲಿನ ಒಳಗೆ ಪ್ರಫುಲ್ಲಕ್ಕ, ಹೊಸ್ತಿಲಿನಿಂದ ಮಾರು ದೂರದಲ್ಲಿ ಅವರು. ಸೂತಕದ ಮನುಷ್ಯ, ಬೇರೆಯವರ ಮನೆಯೊಳಗೆ ಕಾಲಿಡುವಂತಿಲ್ಲ.

"ಹತ್ರ ಬರಲ್ಲಮ್ಮ, ಮೈಲಿಗೆ. ಇಲ್ಲಿಂದ್ಲೇ ಕೇಳ್ಕೋತೀನಿ. ನೂರು ವರ್ಷ ಬಾಳಬೇಕಾದೋರಿಗೆ ಹಾರ ಹಾಕಿಸ್ಬಿಟ್ಟೆ. ಮನಸ್ಸಲ್ಲಿಟ್ಕೋಬೇಡಿ."

"ಅಯ್ಯೋ, ಎಂತ ನೀವು, ಈ ಸ್ಥಿತಿಯಲ್ಲಿ ಬರುದಾ?" ಬೆಳಿಗ್ಗೆ ಗುಡುಗಿದ ಪ್ರಫುಲ್ಲಕ್ಕ ಈಗ ಸೆರಗು ಬಾಯಿಗಿಟ್ಟಿದ್ದರು.

ಧಾತ್ರಿ ಕೊನೆಯ ಮೆಟ್ಟಿಲಲ್ಲೇ ನಿಂತಳು. ಅವಳಿಗೆ ಬರುವ ಕನ್ನಡ ಇದ್ದಕ್ಕಿದ್ದಂತೆ ಕಮ್ಮಿಯಾಗಿತ್ತು.

"ಅಂಕಲ್, ನೀವು ಗಲತ್ ಕಳ್ಸಿಲ್ಲ. ಸಹೀ ಫೋಟೋನೇ ಕಳ್ಸಿದ್ರಿ. ನೀವೂ ಅಮ್ಮ ಅಂತ ಹೆಸರು ಇಟ್ರಿ, ಮನೀಶ್ ಭೀ ಅಮ್ಮ ಅಂತ ಇಟ್ಟ. ನನ್ನ ಫಾರಂ ಒಂದನ್ನೇ ಇಟ್ಕೊಂಡ್ತು. ಫಾರಂ ಅಲ್ಲ, ನಾನು. ನಾನೇ ಸರಿಯಾಗಿ ಮಾಡಿರ್ಲಿಲ್ಲ. ಮಧ್ಯಾಹ್ನ ಗೊತ್ತಾಯ್ತು, ಆದ್ರೂ ಹೇಳ್ಲಿಲ್ಲ. ತಪ್ಪಾಯ್ತು."

ಬೈಯುತ್ತಾರೆ ಎಂದು ಕಾದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಸತ್ಯಮೂರ್ತಿ ಅವಳನ್ನೇ ನೋಡಿದರು. ಆಮೇಲೆ ಗೋಡೆ ಹಿಡಿದು ಮೆಲ್ಲಗೆ ಮೆಟ್ಟಿಲ ಮೇಲೆ ಕೂತರು.

"ಹಾಗಾದ್ರೆ ನಾನು ಕಳ್ಸಿದ್ದು ನಮ್ಮಮ್ಮನ್ನೇ ತಾನೆ?"

"ಹೂಂ ಅಂಕಲ್."

"ಮಧ್ಯಾಹ್ನದಿಂದ ಅದೇ ಯೋಚ್ನೆ ಕಣಮ್ಮ. ಅಮ್ಮ ಅಂತ ನಾನೇ ಹೆಸರು ಹಾಕಿದ್ದು ಚೆನ್ನಾಗಿ ನೆನಪಿದೆ. ಹಾಕಿ, ಬೇರೆಯೋರ ಮುಖ ಕಳಿಸ್ದೆನಲ್ಲ, ಹೆತ್ತೋಳ ಮುಖ ಇಷ್ಟು ಬೇಗ ಮರೆತೋಯ್ತಾ ನನಗೆ ಅಂತ..." ಶಲ್ಯದಿಂದ ಮುಖ ಒರೆಸಿಕೊಂಡರು. "ಬಂದು ಹೇಳಿದ್ಯಲ್ಲ ತಾಯಿ. ದೊಡ್ಡ ಉಪಕಾರ ಆಯ್ತು."

ಉಪಕಾರ! ಧಾತ್ರಿಗೆ ಅಲ್ಲೇ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು.

ಪ್ರಫುಲ್ಲಕ್ಕ ಹೊಸ್ತಿಲು ದಾಟಿ ಬಂದು ಸತ್ಯಮೂರ್ತಿಯವರ ರಟ್ಟೆ ಹಿಡಿದೇಬಿಟ್ಟರು. ಅವರು ಬೆಚ್ಚಿ, "ಅಯ್ಯಯ್ಯೋ, ಮುಟ್ಟಬೇಡಿ, ಸೂತಕ" ಎಂದು ಹಿಂದೆ ಸರಿದರು.

"ಊರಿಡೀ ನನಗೆ ಹಾರ ಹಾಕಿ ಆಯ್ತು. ಸತ್ತವಳಿಗೆ ಎಂಥ ಸೂತಕ ಮಾರಾಯ್ರೇ? ಏಳಿ, ಒಳಗೆ ಬನ್ನಿ."

ಸತ್ಯಮೂರ್ತಿಗೆ ನಗು ಬಂತು. ನಗುತ್ತಲೇ ಅಳು ಬಂತು. ಪ್ರಫುಲ್ಲಕ್ಕ ಅವರನ್ನು ನಡೆಸಿಕೊಂಡು ಹೋಗಿ ಫ್ಯಾನಿನ ಕೆಳಗೆ ಕೂರಿಸಿದರು.

"ನೀನೂ ಬಾ ಮಾರಾಯ್ತಿ, ಅಲ್ಲೆಂತ ನಿಲ್ಲುದು?" ಒಳಗಿನಿಂದ ಕೂಗಿದರು.

"ಬಂದೆ ಆಂಟಿ" ಎಂದಳು ಧಾತ್ರಿ. ಚಪ್ಪಲಿ ಬಿಟ್ಟಳು. ತೆರೆದ ಬಾಗಿಲಿನ ಎದುರು ಬರಿಗಾಲಲ್ಲಿ ನಿಂತೇ ಇದ್ದಳು.