ಬ್ರೇಕಿನ ಹಳದಿ ದೀಪ

ಐಸಣ್ಣನಿಗೆ ಹಟ ಜಾಸ್ತಿ ಎಂದು ಅವನ ಹೆಂಡತಿ ಹೇಳುತ್ತಾಳೆ. ಹೆಂಡತಿಯಾದ್ದರಿಂದ ಹಟ ಅನ್ನುತ್ತಾಳೆ, ನಾನಾದರೆ ಜಂಬ ಅನ್ನುತ್ತೇನೆ. ಐಸ್ ಕಾರ್ಖಾನೆಯಿಂದ ಮೀನು ಬಂದರಿಗೆ ಮಂಜುಗಡ್ಡೆ ಸಾಗಿಸುವುದು ಅವನ ಕೆಲಸ, ಅದಕ್ಕೇ ಆ ಹೆಸರು. ಮೀಸೆ ಮೂಡುವ ಮೊದಲೇ ಸ್ಟಿಯರಿಂಗ್ ಹಿಡಿದವನು. ಗಾಡಿಯ ವಿಷಯದಲ್ಲಿ ಬೇರೆ ಯಾರಾದರೂ ಬಾಯಿ ತೆರೆದರೆ ಅವನಿಗೆ ಮೈಯೆಲ್ಲ ಉರಿಯುತ್ತದೆ.

ಅವನ ಪಿಕಪ್ ಹಳೆಯದು. ಬಾಗಿಲು ಮುಚ್ಚಬೇಕಾದರೆ ಸ್ವಲ್ಪ ಎತ್ತಿ ಎಳೆಯಬೇಕು, ವೈಪರು ಮನಸ್ಸು ಬಂದಾಗ ಮಾತ್ರ ಓಡುತ್ತದೆ. ಆದರೂ ಅದರಲ್ಲಿ ಎಬಿಎಸ್ ಇತ್ತು. ಜೋರಾಗಿ ಬ್ರೇಕ್ ತುಳಿದಾಗ ಚಕ್ರಗಳು ಉರುಳುವುದು ನಿಂತು ಕಚ್ಚಿಕೊಂಡು ಗಾಡಿ ಜಾರದಂತೆ, ಬ್ರೇಕನ್ನು ತಾನೇ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುವ ಏರ್ಪಾಡು ಅದು. ಕೆಲವು ತಿಂಗಳಿಂದ ಅದಕ್ಕೆ ಬುದ್ಧಿ ಕೆಟ್ಟಿತ್ತು. ಒಣ ನೆಲದ ಮೇಲೆ, ಆರಾಮವಾಗಿ ನಡೆಯುವ ವೇಗದಲ್ಲಿ ನಿಲ್ಲಿಸಹೊರಟರೂ ಪೆಡಲ್ ಕಾಲಡಿಯಲ್ಲಿ ಗರಗರ ನಡುಗಿ, ಗಾಡಿ ಇನ್ನೊಂದು ಮಾರು ಮುಂದಕ್ಕೆ ಹೋಗಿಬಿಡುತ್ತಿತ್ತು. ಬೇರೆ ಕಡೆಯಾದರೆ ನಕ್ಕು ಸುಮ್ಮನಾಗಬಹುದು. ಬಂದರಿನ ಕಟ್ಟೆಯಲ್ಲಿ ಒಂದು ಮಾರು ಮುಂದೆ ಎಂದರೆ ನೀರು.

ಚಕ್ರದ ವೇಗ ಅಳೆಯುವ ಸೆನ್ಸರಿಗೆ ತುಕ್ಕು ಹಿಡಿದಿದೆ, ಅದು ಸುಳ್ಳು ಲೆಕ್ಕ ಕೊಡುತ್ತಿದೆ ಎಂದು ಮೆಕ್ಯಾನಿಕ್ ಹೇಳಿದ. ಹಳೇ ಗಾಡಿ, ಸೆನ್ಸರನ್ನು ಎಲ್ಲಿಂದಲೋ ಹುಡುಕಿ ತರಿಸಬೇಕು, ಅಲ್ಲಿಯವರೆಗೆ ಗಾಡಿ ತೆಗೆಯಬೇಡ ಅಂತಲೂ ಹೇಳಿದ. ಐಸನ್ನು ಏನು ನಿನ್ನ ಮಾವ ಬಂದು ಹೊರುತ್ತಾನಾ ಎಂದು ಐಸಣ್ಣ ಕೇಳಿದನಂತೆ. ಮನೆಗೆ ಬಂದವನೇ ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದು, ಎಬಿಎಸ್ಸಿನ ಫ್ಯೂಸನ್ನು ಕಿತ್ತುಹಾಕಿದ.

ನ್ಯಾಯವಾಗಿ ಹೇಳಬೇಕೆಂದರೆ, ಅವನ ಮಟ್ಟಿಗೆ ಅದರಿಂದ ಒಳ್ಳೆಯದೇ ಆಯಿತು. ಕಟ್ಟೆಯ ಮೇಲೆ ಗಾಡಿ ಹೇಳಿದ ಜಾಗದಲ್ಲಿ ನಿಲ್ಲತೊಡಗಿತು. ಇಂಥ ಏರ್ಪಾಡುಗಳೇ ಇಲ್ಲದ ಕಾಲದಲ್ಲಿ ಪಳಗಿದ ಕಾಲು ಅವನದು. ಒದ್ದೆ ರಸ್ತೆಯಲ್ಲಿ ಒಮ್ಮೆಲೇ ಅದುಮದೆ, ತುಳಿದು ಬಿಟ್ಟು ತುಳಿದು ಬಿಟ್ಟು ನಿಲ್ಲಿಸುವುದು ಆ ಕಾಲಿಗೆ ಉಸಿರಾಡಿದಷ್ಟು ಸಲೀಸು. ಉಳಿದದ್ದು ಡ್ಯಾಶ್‌ಬೋರ್ಡಿನ ಹಳದಿ ದೀಪವೊಂದೇ. ಎಬಿಎಸ್ ಕೆಲಸ ಮಾಡುತ್ತಿಲ್ಲ ಎಂದು ಅದು ಸದಾ ಉರಿಯುತ್ತಿತ್ತು. ಹೆಂಡತಿ ಪಕ್ಕದಲ್ಲಿ ಕೂತಾಗಲೆಲ್ಲ ಅದೇನು, ಯಾಕೆ ಉರಿಯುತ್ತಿದೆ ಎಂದು ಪ್ರಾಣ ತಿನ್ನುತ್ತಿದ್ದಳು. ಒಂದು ಭಾನುವಾರ ಐಸಣ್ಣ ಸ್ಕ್ರೂ ಬಿಚ್ಚಿ ಅದರ ಬಲ್ಬನ್ನೇ ತೆಗೆದುಬಿಟ್ಟ. ದೀಪವೂ ಆರಿತು, ಹೆಂಡತಿಯೂ ಸುಮ್ಮನಾದಳು.

ಆಮೇಲೆ ಮಂಜುಗಡ್ಡೆಯೊಂದು ಜಾರಿ ಬಿದ್ದು ಅವನ ಗೇರ್ ಹಾಕುವ ಕೈ ಮುರಿಯಿತು. ಪ್ಲಾಸ್ಟರ್ ಹಾಕಿದ ಡಾಕ್ಟರು, ಕೈ ಕೂಡುವವರೆಗೆ ಸ್ಟಿಯರಿಂಗ್ ಮುಟ್ಟುವ ಹಾಗಿಲ್ಲ ಎಂದರು. ಮಗಳಿಗೆ ಆಗಷ್ಟೇ ಲೈಸೆನ್ಸ್ ಬಂದಿತ್ತು. ನಾನೇ ಓಡಿಸುತ್ತೇನೆ, ನೀನು ಪಕ್ಕದಲ್ಲಿ ಕೂತು ಬೈಯುತ್ತಿರು ಸಾಕು ಎಂದಳು. ಐಸಣ್ಣನ ಎದೆ ಉಬ್ಬಿತು. ಕಾರ್ಖಾನೆಯಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದ.

ಮೊದಲ ದಿನ ಬೆಳಿಗ್ಗೆ, ಮಂಜುಗಡ್ಡೆ ತುಂಬಿಸಿಯಾದ ಮೇಲೆ, ಅವಳು ಕೀ ತಿರುಗಿಸಿ ಡ್ಯಾಶ್‌ಬೋರ್ಡ್ ನೋಡಿದಳು.

“ಅಪ್ಪ, ಎಬಿಎಸ್ ದೀಪ ಉರೀತಿತ್ತಲ್ಲ, ರಿಪೇರಿ ಮಾಡಿಸಿದ್ಯಾ?”

“ಹೂಂ. ಸರಿಯಾಗಿದೆ.”

ಹೇಳುವಾಗ ಅದು ಸುಳ್ಳು ಎಂದೇ ಅವನಿಗೆ ಅನ್ನಿಸಲಿಲ್ಲ. ಅವನ ಕಾಲಿಗೆ ಸರಿಯಾಗಿಯೇ ಇತ್ತಲ್ಲ. ಗೇಟು ದಾಟಿ, ಗಾಜಿನ ಮೇಲೆ ತುಂತುರು ಹನಿ ಬೀಳತೊಡಗಿದಾಗ ಮಾತ್ರ ಅವನಿಗೆ ಹೊಳೆಯಿತು. ಇಂದು ಗಾಡಿ ನಿಲ್ಲಿಸುವ ಕಾಲು ತನ್ನದಲ್ಲ.

ಸ್ವಲ್ಪ ದೂರ ಹೋದ ಮೇಲೆ, ಬ್ರೇಕನ್ನು ಸ್ವಲ್ಪಸ್ವಲ್ಪವೇ ತುಳಿದು ಬಿಡುತ್ತಾ ನಿಲ್ಲಿಸು ಎಂದ. ಮಗಳು ನಕ್ಕಳು. ಅದೆಲ್ಲ ನಿನ್ನ ಕಾಲದ ಕತೆ, ಹಾಗೆ ಮಾಡಿದರೆ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಕಿವಿ ಹಿಂಡುತ್ತಿದ್ದರು ಎಂದಳು. ಎಬಿಎಸ್ ಇರುವ ಗಾಡಿಗೆ ಏನಾದರೂ ಅಡ್ಡ ಬಂದರೆ ಇದ್ದಬದ್ದ ಬಲವೆಲ್ಲ ಹಾಕಿ ತುಳಿಯಬೇಕು, ಪೆಡಲ್ ನಡುಗಿದರೂ ಕಾಲು ತೆಗೆಯಬಾರದು, ಸ್ಟಿಯರಿಂಗ್ ತಿರುಗಿಸಿ ತಪ್ಪಿಸಿಕೊಳ್ಳಬೇಕು, ಮಿಕ್ಕಿದ್ದನ್ನು ಗಾಡಿಯೇ ನೋಡಿಕೊಳ್ಳುತ್ತದೆ. ಪಾಠ ಒಪ್ಪಿಸುವ ಹಾಗೆ ಹೇಳಿದಳು. ಮತ್ತೆ ಮತ್ತೆ ಮಾಡಿಸಿ ಅವಳ ಕಾಲನ್ನೂ ಹಾಗೆಯೇ ಪಳಗಿಸಿದ್ದರು.

ಹೇಳಿಬಿಡಬೇಕು ಎಂದು ಐಸಣ್ಣ ಅಂದುಕೊಂಡ. ಮಾತು ನಾಲಿಗೆಯ ತುದಿಗೇ ಬಂದು ಕೂತಿತ್ತು. ಹೇಳಿದರೆ ಅವಳು ಗಾಡಿಯನ್ನು ಅಲ್ಲೇ ಬದಿಗೆ ಹಾಕಿ ಇಳಿಯುತ್ತಾಳೆ, ಅಮ್ಮನಿಗೆ ಫೋನ್ ಮಾಡುತ್ತಾಳೆ, ಆ ಮೆಕ್ಯಾನಿಕ್ ಹೇಳಿದ್ದೇ ಸರಿ ಎಂದಾಗುತ್ತದೆ. ಪೆಟ್ರೋಲ್ ಬಂಕಿನಲ್ಲಿ ಹೇಳೋಣವೆಂದುಕೊಂಡ. ಅಲ್ಲಿ ಪೆಟ್ರೋಲ್ ಹಾಕುವವನು ಇಣುಕಿ ನೋಡಿ, ಏನು ಐಸಣ್ಣ, ಡ್ರೈವರ್ ಇಟ್ಟುಕೊಳ್ಳುವಷ್ಟು ದೊಡ್ಡ ಮನುಷ್ಯನಾಗಿಬಿಟ್ಟೆಯಲ್ಲ ಎಂದು ರೇಗಿಸಿದ. ಮಗಳು ನಕ್ಕಳು, ಅವನೂ ನಕ್ಕ. ಬಂದರಿಗೆ ತಲುಪಿ ಐಸ್ ಇಳಿಸಿದ ಮೇಲೆ ಹೇಳಿದರಾಯಿತು ಎಂದು ಮಾತನ್ನು ನುಂಗಿಕೊಂಡ.

ಬಂದರಿಗೆ ಹೋಗುವ ರಸ್ತೆ ಉದ್ದನೆಯ ಇಳಿಜಾರು. ಒಂದು ಪಕ್ಕದಲ್ಲಿ ಗೋದಾಮುಗಳ ಸಾಲು. ಇಳಿಜಾರು ಮುಗಿಯುವಲ್ಲಿ ರಸ್ತೆ ತಿರುಗುತ್ತದೆ. ತಿರುಗದೆ ನೇರ ಹೋದರೆ ಕಬ್ಬಿಣದ ಕಂಬಿಬೇಲಿ, ಅದರಾಚೆ ನೀರು. ಹಗಲಿಡೀ ಐಸ್ ಗಾಡಿಗಳಿಂದ ಸೋರುವ ನೀರಿಗೆ ಮೀನಿನ ಲೋಳೆ ಸೇರಿ ಆ ರಸ್ತೆ ಯಾವಾಗಲೂ ಪಿಚಪಿಚ ಅನ್ನುತ್ತದೆ. ಅಂದು ಮೇಲಿಂದ ತುಂತುರು ಬೇರೆ. ನಿಧಾನ, ನಿಧಾನ ಎಂದ ಐಸಣ್ಣ. ಅವಳು ನಿಧಾನವಾಗಿಯೇ ಇಳಿಸುತ್ತಿದ್ದಳು, ಬೈಯಲು ಕಾರಣವೇ ಇರಲಿಲ್ಲ. ಹಿಂದಿದ್ದ ಮಂಜುಗಡ್ಡೆಯ ಭಾರ ಮಾತ್ರ ಗಾಡಿಯನ್ನು ಕೆಳಕ್ಕೆ ನೂಕುತ್ತಿತ್ತು.

ಗೋದಾಮಿನ ಬಾಗಿಲೊಂದರಿಂದ ಕೈಗಾಡಿಯವನೊಬ್ಬ ಮೀನಿನ ಬುಟ್ಟಿಗಳನ್ನು ಹೇರಿಕೊಂಡು, ತಲೆ ತಗ್ಗಿಸಿ ತಳ್ಳುತ್ತಾ ರಸ್ತೆಗೆ ಬಂದ.

ಮಗಳು ಬ್ರೇಕ್ ತುಳಿದಳು. ಕಲಿಸಿದ ಹಾಗೆಯೇ, ಇದ್ದಬದ್ದ ಬಲವೆಲ್ಲ ಹಾಕಿ. ಚಕ್ರಗಳು ಕಚ್ಚಿಕೊಂಡವು, ಗಾಡಿ ಸದ್ದೇ ಇಲ್ಲದೆ ಜಾರತೊಡಗಿತು. ಅವಳು ಸ್ಟಿಯರಿಂಗ್ ತಿರುಗಿಸಿದಳು, ಉರುಳದ ಚಕ್ರ ಮಾತು ಕೇಳಲಿಲ್ಲ, ಗಾಡಿ ತಿರುಗಲಿಲ್ಲ. ಪೂರ್ತಿ ತಿರುಗಿಸಿದಳು, ಆಗಲೂ ಅದು ನೇರ ಕೈಗಾಡಿಯ ಕಡೆಗೇ ಹೋಗುತ್ತಿತ್ತು. ಐಸಣ್ಣನ ಕಾಲು ತನ್ನ ಮುಂದಿದ್ದ ಬರೀ ತಗಡಿನ ಮೇಲೆ ತುಳಿದು ಬಿಟ್ಟು, ತುಳಿದು ಬಿಟ್ಟು ಮಾಡುತ್ತಿತ್ತು. ಕಾಲು ತೆಗಿ ಎಂದು ಕೂಗಬೇಕಿತ್ತು. ಕೂಗಲಿಲ್ಲ.

ಕೈಗಾಡಿಯವನು ಕೊನೆಯ ಗಳಿಗೆಯಲ್ಲಿ ತಲೆಯೆತ್ತಿ, ಹಿಡಿ ಬಿಟ್ಟು ಹಾರಿಕೊಂಡ. ಬುಟ್ಟಿಗಳು ರಸ್ತೆಯ ತುಂಬ ಚೆಲ್ಲಿದವು. ಪಿಕಪ್ಪು ಕೈಗಾಡಿಯನ್ನು ಬಂಪರಿನಡಿ ಹಾಕಿ ಮುರಿದು, ಅದನ್ನೇ ಉಜ್ಜಿಕೊಂಡು ಹೋಗಿ ಕಂಬಿಬೇಲಿಗೆ ಒರಗಿ ನಿಂತಿತು. ಕಂಬಿ ನೀರಿನ ಕಡೆಗೆ ಬಾಗಿತು, ಮುರಿಯಲಿಲ್ಲ.

ಕೈಗಾಡಿಯವನ ಮೊಣಕೈ ತರಚಿತ್ತು, ಅಷ್ಟೇ. ಅವನು ಎದ್ದು ಬಂದು, ಬ್ರೇಕ್ ಹಾಕುವುದಕ್ಕೂ ಬಾರದವಳ ಕೈಗೆ ಗಾಡಿ ಕೊಡುತ್ತೀಯಲ್ಲ, ನಿನಗೆ ಬುದ್ಧಿ ಬೇಡವಾ ಎಂದು ಐಸಣ್ಣನನ್ನು ಕೇಳಿದ. ಸುತ್ತ ಜನ ಸೇರಿದ್ದರು. ಎಲ್ಲವೂ ದಿನಾ ಕಾಣುವ ಮುಖಗಳೇ, ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. ಈಗಲಾದರೂ ಹೇಳುತ್ತಾನೆ ಎಂದು ನಿಮಗೆ ಅನ್ನಿಸಬಹುದು. ಮಗಳ ಜೀವಕ್ಕಿಂತ ಜಂಬ ದೊಡ್ಡದಲ್ಲ ಎಂದು ನಾನೂ ನಂಬಿಕೊಂಡಿದ್ದವನೇ.

“ಹೊಸಬಳು, ಹೆದರಿಬಿಟ್ಟಳು,” ಅಂದ ಐಸಣ್ಣ. “ಮನಸ್ಸಿಗೆ ಹಚ್ಕೋಬೇಡಿ.”

ಮಗಳು ಕೈಗಾಡಿಯವನ ಕ್ಷಮೆ ಕೇಳಿದಳು. ಚೆಲ್ಲಿದ ಮೀನನ್ನು ತಾನೇ ಬಗ್ಗಿ ಬಗ್ಗಿ ಬುಟ್ಟಿಗೆ ತುಂಬಿದಳು. ಐಸ್ ಇಳಿಸಿಯಾದ ಮೇಲೆ ಮತ್ತೆ ಸ್ಟಿಯರಿಂಗಿನ ಮುಂದೆ ಕೂತು, ತನ್ನ ಕಾಲನ್ನೇ ನೋಡಿಕೊಂಡಳು. ಕಾರ್ಖಾನೆಯಲ್ಲಿ ಇನ್ನೊಂದು ಲೋಡು ಕಾಯುತ್ತಿತ್ತು.

“ತಪ್ಪು ನಂದೇ ಅಪ್ಪ,” ಅಂದಳು. “ಪೆಡಲ್ ನಡುಗಲೇ ಇಲ್ಲ. ನಾನು ಸರಿಯಾಗಿ ತುಳಿದಿದ್ರೆ ಎಬಿಎಸ್ ಹಿಡ್ಕೊಂಡು ನಡುಗಬೇಕಿತ್ತು.”

ಐಸಣ್ಣ ಒಳ್ಳೆಯ ಕೈಯನ್ನು ಅವಳ ತಲೆಯ ಮೇಲೆ ಇಟ್ಟು, ಅಭ್ಯಾಸವಾಗುತ್ತದೆ ಬಿಡು ಎಂದ.

“ಮುಂದಿನ ಸಲ ಇನ್ನೂ ಜೋರಾಗಿ ತುಳೀತೀನಿ,” ಎಂದು ಮಗಳು ಗಾಡಿ ಸ್ಟಾರ್ಟ್ ಮಾಡಿದಳು.